ಪರದೆಯ ಹೊರಗೆ ನಿಂತ ಪ್ರೊಫೆಸರ್

1983ರಲ್ಲಿ ನಾನು ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಮೆಡಿಸಿನ್ ಪ್ರಾಧ್ಯಾಪಕನಾಗಿದ್ದೆ. ರೋಗಿಯೊಡನೆ ಮಾತಾಡುವುದನ್ನು ಕಲಿಸಲು ನಿಜವಾದ ರೋಗಿಗಳ ಪ್ರಾಣ ತಿನ್ನುವುದು ನನಗೆ ಸರಿ ಕಾಣುತ್ತಿರಲಿಲ್ಲ. ಆರೋಗ್ಯವಂತರಿಗೇ ಕಾಯಿಲೆಯ ಕಥೆ ಹೇಳಿಕೊಟ್ಟು ರೋಗಿಯಂತೆ ನಟಿಸಲು ಕೂರಿಸತೊಡಗಿದೆ. ಇವರನ್ನು ಸಿಮ್ಯುಲೇಟೆಡ್ ಪೇಷಂಟ್ ಎನ್ನುತ್ತಾರೆ. ಸಹೋದ್ಯೋಗಿಗಳು ನನಗೆ ‘ನಾಟಕದ ಮಾಸ್ಟ್ರು’ ಎಂದು ಹೆಸರಿಟ್ಟರು.

ಹೆಸರು ತಪ್ಪೇನಲ್ಲ. ನನ್ನ ‘ರೋಗಿ’ ಬೋಳಾರದ ಸುಂದರಿಯಕ್ಕ ತುಳು ನಾಟಕಗಳಲ್ಲಿ ತಾಯಿಯ ಪಾತ್ರಕ್ಕೆ ಹೆಸರಾದವರು. ನಾನು ಈಗ ಹೇಳುತ್ತಿರುವ ದಿನ ಅವರಿಗೆ ಕೊಟ್ಟದ್ದು ಹೊಟ್ಟೆನೋವಿನ ಪಾತ್ರ.

ವಿದ್ಯಾರ್ಥಿಗಳಲ್ಲಿ ಜೊಹರಾ ಎಂಬವಳಿದ್ದಳು, ಬಂದರಿನ ವ್ಯಾಪಾರಿಯೊಬ್ಬರ ಮಗಳು. ಓದಿನಲ್ಲಿ ಮುಂದು, ಆದರೆ ಮಾತು ತೊದಲುತ್ತಿತ್ತು. ವಾರ್ಡಿನಲ್ಲಿ ಯಾರೋ ನಕ್ಕ ಮೇಲೆ ಕಾಲೇಜನ್ನೇ ಬಿಡಲು ಹೊರಟಿದ್ದಳು. ಅವಳ ತಂದೆ ನನ್ನ ಮನೆಗೆ ಬಂದು, ಒಮ್ಮೆ ಬುದ್ಧಿ ಹೇಳಿ ಎಂದು ಬೇಡಿಕೊಂಡಿದ್ದರು. ನನ್ನ ಬುದ್ಧಿಮಾತು ನಾಟಲಿಲ್ಲ. ಇದೊಂದು ಕ್ಲಾಸಿಗೆ ಬಾ ಎಂದು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು.

ಕ್ಲಾಸಿನಲ್ಲಿ ಉಳಿದವರು ಸುಂದರಿಯಕ್ಕನ ಮೇಲೆ ಪ್ರಶ್ನೆಗಳ ಮಳೆಗರೆದರು. ಜೊಹರಾ ಏನನ್ನೂ ಕೇಳಲಿಲ್ಲ. ಹತ್ತಿರ ಕೂತು ನೋಡುತ್ತಲೇ ಇದ್ದಳು. ಸುಂದರಿಯಕ್ಕ ಹೊಟ್ಟೆ ಹೊಟ್ಟೆ ಎನ್ನುತ್ತ ಎಡಗಡೆಯ ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದರು. ಒಳ್ಳೆಯ ಅಭಿನಯ ಎಂದುಕೊಂಡೆ. ಜೊಹರಾ ಎದ್ದವಳೇ ಗಂಡಸರೆಲ್ಲ ಆಚೆ ಎಂದು ಕೈಸನ್ನೆ ಮಾಡಿ, ಮಂಚದ ಸುತ್ತ ಪರದೆ ಎಳೆದುಬಿಟ್ಟಳು. ಆ ಗಂಡಸರಲ್ಲಿ ನಾನೂ ಒಬ್ಬ. ನನಗೆ ಕೋಪವೂ ಬಂತು, ನಗುವೂ ಬಂತು.

ನಮ್ಮ ಊರಿನ ಹೆಂಗಸರು ಗಂಡಸರೆದುರು ಹೇಳಲಾಗದ ನೋವಿಗೆಲ್ಲ ಹೊಟ್ಟೆನೋವು ಎಂದೇ ಹೇಳುತ್ತಾರೆ. ಅದು ನನಗೂ ಗೊತ್ತಿತ್ತು. ಆದರೆ ಇದು ನಾನೇ ಬರೆದುಕೊಟ್ಟ ನೋವಲ್ಲವೇ!

ಒಳಗಿನಿಂದ ಅಳು ಕೇಳಿತು. ಪರದೆ ಸರಿದಾಗ ಸುಂದರಿಯಕ್ಕನ ಕೈ ಜೊಹರಾಳ ಕೈಯಲ್ಲಿತ್ತು.

“ಇದು ನಾಟಕದ್ದಲ್ಲ ಸರ್. ಎದೆಯಲ್ಲಿ ಗಂಟು ಉಂಟು. ಮನೆಯಲ್ಲಿ ಕೂಡ ಹೇಳಿರಲಿಲ್ಲ” ಎಂದರು ಸುಂದರಿಯಕ್ಕ.

ಆಪರೇಷನ್ನಿಗೆಂದು ಅಡ್ಮಿಟ್ ಆದ ದಿನ ಅವರು ಜೊಹರಾಳನ್ನು ಕರೆಸಿದರು. “ನೀನು ಕಾಲೇಜು ಬಿಡ್ತೀ ಅಂತ ಕೇಳಿದೆ. ಬಿಡುವುದಾದ್ರೆ ಬಿಡು ಮಗಾ. ನನ್ನ ಆಪರೇಷನ್ ಆಗುವವರೆಗಾದ್ರೂ ಇರು.”

ಅವಳು ಇದ್ದಳು. ನನಗೆ ಅವಳ ಮೇಲೆ ಹುಟ್ಟಿದ ಪ್ರೀತಿ ಸ್ವಂತ ಮಗಳ ಮೇಲಿನದಕ್ಕಿಂತ ಕಡಿಮೆಯದಲ್ಲ. ಪ್ರಶ್ನೆ ಕೇಳುವ ಮೊದಲು ರೋಗಿಯ ಕೈ ಏನು ಮಾಡುತ್ತಿದೆ ನೋಡಿ ಎಂದು ನಿವೃತ್ತನಾಗುವವರೆಗೂ ಕಲಿಸಿದೆ. ಅದು ನಾನು ಕಲಿತ ಪಾಠ.

ಸುಂದರಿಯಕ್ಕ ಗುಣವಾಗಿ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಜೊಹರಾ ವಾರ್ಡಿಗೆ ಬಂದು, ಅದೇ ಮಂಚಕ್ಕೆ ಬಂದಿದ್ದ ಹೊಸ ರೋಗಿಯ ಹೆಸರನ್ನು ತೊದಲುತ್ತಲೇ ಕೇಳಿದಳು.