ದುರಗಪ್ಪನವರ ಸಿಂಬಿ

ಯಮನವ್ವ, ನಾನು ನಿಮಗೆ ಸುಳ್ಳು ಹೇಳಿದ್ದೇನೆ. ಚೆಂಬೂರಿನ ನಮ್ಮ ಕನ್ನಡ ಸಂಘದ ಗಾಜಿನ ಕಪಾಟಿನಲ್ಲಿರುವ ಚೀಟಿಯ ಮೇಲೆ ನಿಮ್ಮ ಗಂಡ ದುರಗಪ್ಪನವರ ಹೆಸರಿಲ್ಲ. ಎಂದೂ ಇರಲಿಲ್ಲ.

ಸಂಘದ ಭವನ ಕಟ್ಟಿದವರ ನೆನಪು ಅಳಿಯುವ ಮೊದಲು ಕೂಡಿಡಬೇಕೆಂದು ನಾವೊಂದು ಚರಿತ್ರೆ ಸಮಿತಿ ಮಾಡಿಕೊಂಡೆವು. ನಾನು ಅದರ ಕಾರ್ಯದರ್ಶಿ. ಮನೆಗೊಂದು ಹಳೆಯ ವಸ್ತು ಕೊಡಿ ಎಂದು ಕೇಳುತ್ತ ಊರೆಲ್ಲ ಸುತ್ತಿದೆ. ಜೋಗೇಶ್ವರಿಯ ಚಾಳಿನಲ್ಲಿ ನೀವು ನನಗೆ ಚಹಾ ಕೊಟ್ಟು, ಟ್ರಂಕಿನ ತಳದಿಂದ ತಲೆಹೊರೆಯ ಸಿಂಬಿ ತೆಗೆದಿರಿ — ದುರಗಪ್ಪನವರ ರುಮಾಲು ಸುತ್ತಿ ಮಾಡಿದ್ದು, ಸಿಮೆಂಟು ಹತ್ತಿ ಕಲ್ಲಿನಂತಾಗಿತ್ತು. ಅದನ್ನಿಟ್ಟುಕೊಂಡೇ ಅವರು ನಮ್ಮ ಭವನಕ್ಕೆ ಗಾರೆ ಹೊತ್ತರು. ಕೆಲಸ ಮುಗಿಯುವ ಮೊದಲೇ ಗೋಡೆಗೆ ಕಟ್ಟಿದ್ದ ಬಿದಿರಿನ ಪರಾಂಚಿಯಿಂದ ಬಿದ್ದು ಸತ್ತರು. ಅವರದೊಂದು ಫೋಟೋ ಸಹ ಇಲ್ಲ. "ಹೆಸರ ಒಂದ ಬರದು ಇಡ್ರಿ ಸರ, ಮತ್ತೇನೂ ಬ್ಯಾಡ" ಎಂದಿರಿ. ಆಗಲಿ ಎಂದು ಸಿಂಬಿಯನ್ನು ತಂದೆ.

ನಮ್ಮ ಅಧ್ಯಕ್ಷರು ಹೋಟೆಲಿನವರು. ಸಂಘ ಹುಟ್ಟುಹಾಕಿದ್ದು ಅವರ ತಂದೆ. ಕಪಾಟಿನ ನಡುವಿನ ಜಾಗ ಆ ತಂದೆಗೆಂದೇ ಮೀಸಲು — ಆದರೆ ಇಡಲು ಏನಿತ್ತು? ಹೋಟೆಲನ್ನು ಹೊಸದು ಮಾಡುವಾಗ ಒಂದು ಸೌಟೂ ಬಿಡದೆ ಗುಜರಿಗೆ ಹಾಕಿದ್ದರು. ಉದ್ಘಾಟನೆ ಹತ್ತಿರ ಬಂತು. ಅವರ ಕಣ್ಣು ಸಿಂಬಿಯ ಮೇಲೆ ಬಿತ್ತು.

"ಹಂಡೆಯ ಕೆಳಗೆ ಇಡುವುದೂ ಇಂಥದ್ದೇ ಅಲ್ವ ಮಾರಾಯ್ರೇ? ಅಪ್ಪಯ್ಯನ ಹೋಟೆಲಿನದ್ದು ಅಂತ ಬರೀರಿ. ಯಾರಿಗೆ ಗೊತ್ತಾಗ್ತದೆ?"

ನನಗೆ ಗೊತ್ತಿತ್ತು. ಆದರೂ ಬರೆದೆ — ದುಂಡಗೆ, ಒಳ್ಳೆಯ ಅಕ್ಷರದಲ್ಲಿ. ಅಂಟಿದ್ದ ಸಿಮೆಂಟನ್ನು ಚಾಕುವಿನಿಂದ ಕೆರೆದು ತೆಗೆದವನೂ ನಾನೇ. ಅವರನ್ನು ಎದುರು ಹಾಕಿಕೊಂಡರೆ ಕಾರ್ಯದರ್ಶಿಯ ಕುರ್ಚಿ ಹೋಗುತ್ತಿತ್ತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಉದ್ಘಾಟನೆಯ ದಿನ ನೀವು ಇಳಕಲ್ ಸೀರೆ ಉಟ್ಟು ಬಂದಿರಿ. ಬರುತ್ತೀರೆಂದು ನಾನು ಎಣಿಸಿರಲಿಲ್ಲ. "ಅವರ ಹೆಸರ ಎಲ್ಲೈತ್ರಿ ಸರ?" ಎಂದು ಕೇಳಿದಿರಿ. ಆಗಲಾದರೂ ನಾನು — ಇಲ್ಲ. ಅಧ್ಯಕ್ಷರ ತಂದೆಯ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲಿ" ಎಂದೆ. ನೀವು ಗಾಜನ್ನು ಅಲ್ಲೇ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಿರಿ.

ಇಂದಿಗೂ ನಿಮ್ಮವರು ತೀರಿಕೊಂಡ ದಿನ ತಪ್ಪದೆ ಬರುತ್ತೀರಿ, ದಾದರಿನಲ್ಲಿ ಲೋಕಲ್ ಬದಲಿಸುವಾಗ ಹೂವು ಕೊಂಡು. ಕಪಾಟಿನ ಬೀಗ ತೆಗೆದುಕೊಡುವವನು ನಾನೇ. ನಿಮ್ಮ ಹೂವು ಯಾರ ಹೆಸರಿಗೆ ಏರುತ್ತದೆಂದು ನೋಡುತ್ತ ಪಕ್ಕದಲ್ಲೇ ನಿಲ್ಲುತ್ತೇನೆ. ಹೋಗುವಾಗ ನೀವು ನನಗೆ ಕೈಮುಗಿಯುತ್ತೀರಿ. ಅಸಹ್ಯವಾಗುತ್ತದೆ, ನನ್ನ ಮೇಲೆಯೇ.

ಚೀಟಿ ಹಾಗೆಯೇ ಇದೆ. ಬೀಗದ ಕೈ ನನ್ನ ಜೇಬಿನಲ್ಲಿದೆ. ಬದಲಿಸಲು ಒಂದು ಗಳಿಗೆ ಸಾಕು. ಬದಲಿಸಿಲ್ಲ. ನಿಮಗೆ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ ಅಂದು ಸುಳ್ಳು ಹೇಳಿದೆ. ಇದನ್ನೂ ಅದೇ ಧೈರ್ಯದಿಂದ ಬರೆಯುತ್ತಿದ್ದೇನೆ.