ಅನ್ನ ತಿಂದ ಕೋಳಿಗಳು

ಮಸರಕಲ್ಲಿನ ಅಮರಮ್ಮನ ಬಾಯಿ ಜೋರು, ಕೈ ಧಾರಾಳ. ಎರಡರಿಂದಲೂ ಅವಳ ಗಂಡ ಉಮೇಶನಿಗೆ ಸಾಕುಸಾಕಾಗಿದೆ. ಹನ್ನೆರಡು ವರ್ಷದಿಂದ ಅವಳು ಸಂತೆಯ ದಿನ ಜವಾರಿ ಕೋಳಿಯ ತತ್ತಿ ಬುಟ್ಟಿ ಹೊತ್ತು ದೇವದುರ್ಗದ ಬಸ್ಸು ಹತ್ತುತ್ತಾಳೆ. ಬುಟ್ಟಿ ಇಳಿಸಿದ ಅರ್ಧ ಗಂಟೆಗೆ ಖಾಲಿ. ಅಮರಮ್ಮನ ತತ್ತಿ ಎಂದರೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಮುಂಗುಸಿಯೊಂದು ಎರಡು ಕೋಳಿ ಎತ್ತಿಕೊಂಡು ಹೋಯಿತು. ಉಮೇಶ ಹಿತ್ತಲಲ್ಲಿ ತಗಡು, ಜಾಲರಿ ಹಾಕಿ ಗೂಡು ಕಟ್ಟಿದ. ಅದೇ ವಾರ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಅಮರಮ್ಮನ ಅಣ್ಣ ಗದ್ದೆಪ್ಪ ಎರಡು ಚೀಲ ನುಚ್ಚಕ್ಕಿ ತಂದು ಇಳಿಸಿದ. ಅಮರಮ್ಮ ಚಿಕ್ಕವಳಿದ್ದಾಗ ಮನೆಯಲ್ಲಿ ಅನ್ನ ಬೇಯುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೇ ಬೀಗರು ಬಂದರೆ. ಕೋಳಿಗಳಾದರೂ ಎಷ್ಟು ದಿನ ತಿಪ್ಪೆ ಕೆದರಬೇಕು, ಬೀಗರ ಹಾಗೆ ಕೂತು ಉಣ್ಣಲಿ ಎಂದು ಮೂರು ಹೊತ್ತೂ ನುಚ್ಚು ಸುರಿದಳು. ತಾನು ಮಾತ್ರ ಜೋಳದ ರೊಟ್ಟಿ ಬಿಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕೋಳಿಗಳು ಮೈತುಂಬಿಕೊಂಡು ಗೂಡಿನಲ್ಲಿ ತೂಕಡಿಸತೊಡಗಿದವು.

ದೇವದುರ್ಗದಲ್ಲಿ ಬಟ್ಟೆ ಹೊಲಿಯುವ ಉಮ್ಮೇ ಕುಲ್ಸುಮ್ ಅವಳ ಖಾಯಂ ಗಿರಾಕಿ. ಕುಲ್ಸುಮಳ ಮನೆಯಲ್ಲಿ ಮಗಳ ಬಾಣಂತನ ನಡೆದಿತ್ತು. ಒಂದು ಸಂತೆಗೆ ಆಕೆ ಹಿಂದಿನ ವಾರ ಒಯ್ದ ತತ್ತಿಯೊಂದನ್ನು ವಾಪಸು ತಂದು, ಅಮರಮ್ಮನ ಮುಂದೆಯೇ ತಟ್ಟೆಗೆ ಒಡೆದಳು. ಒಳಗಿನ ಹಳದಿ ಬಿಳಿಚಿಕೊಂಡಿತ್ತು.

“ಇವು ಫಾರಂ ತತ್ತಿ ಅದಾವ. ಬಾಣಂತಿ ತಿನ್ನೂದರಾಗ ಹಿಂಗ ಮೋಸ ಮಾಡಬಾರದಿತ್ತು, ಅಮರಮ್ಮ,” ಎಂದಳು, ಹತ್ತು ಮಂದಿಗೆ ಕೇಳುವಂತೆ.

ಅಂಥ ಬಾಯಿಯ ಅಮರಮ್ಮ ಬೈಯುವುದು ಬಿಟ್ಟು ತಟ್ಟೆಯನ್ನು ಬೆಳಕಿಗೆ ಹಿಡಿದಳು. ತತ್ತಿ ಆರಿಸುತ್ತಿದ್ದ ಇಬ್ಬರು ಮೆಲ್ಲಗೆ ಬುಟ್ಟಿಗೆ ಮರಳಿಸಿ ಎದ್ದರು. ತುಂಬಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬರುವಾಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಮನೆಗೆ ಬಂದವಳೇ ಗಂಡನನ್ನು ಜಾಲಾಡಿದಳು, ಅಂಗಡಿಯ ತತ್ತಿ ಬೆರೆಸಿದೆಯಾ ಎಂದು. ಅವನು ದೇವರ ಮೇಲೆ ಆಣೆಯಿಟ್ಟ. ಆಮೇಲೆ ಗೂಡಿನಲ್ಲಿ ಆಗಷ್ಟೇ ಇಟ್ಟಿದ್ದ ಬಿಸಿ ತತ್ತಿ ಎತ್ತಿ ಒಡೆದಳು. ಅದೂ ಬಿಳಿಚು. ಪಕ್ಕದ ಮನೆಯ ಮಂಜುಳಾಳ ಮೂರು ಕೋಳಿ ದಿನವಿಡೀ ತಿಪ್ಪೆ, ಕಾಲುವೆ ದಂಡೆ ಅಲೆಯುವಂಥವು. ಅವಳಿಂದ ಒಂದು ತತ್ತಿ ಇಸಿದುಕೊಂಡು ಒಡೆದರೆ ಕೆಂಪು ಕೆಂಪು ಹಳದಿ. ಕೋಳಿಗೆ ಏನು ಹಾಕುತ್ತೀ ಎಂದು ಕೇಳಿದ್ದಕ್ಕೆ ಮಂಜುಳಾ ನಕ್ಕಳು. ಅವಳು ಏನೂ ಹಾಕುತ್ತಿರಲಿಲ್ಲ. ಹುಲ್ಲು, ಹುಳ, ಉದುರಿದ ಜೋಳ ಅವೇ ಹುಡುಕಿಕೊಳ್ಳುತ್ತಿದ್ದವು.

ಪ್ರೀತಿ ಮಾಡಲು ಹೋಗಿ ಕೆಡಿಸಿದೆನಲ್ಲ ಎಂದು ಅಮರಮ್ಮನಿಗೆ ಅಳು ಬಂತು. ಗೂಡಿನ ಬಾಗಿಲು ತೆರೆದರೆ ಬೀಗರು ಎದ್ದೇ ಬರಲಿಲ್ಲ, ಬೈದು ಅಟ್ಟಬೇಕಾಯಿತು. ಮುಂಗುಸಿ ಬಾರದಂತೆ ಕಾಯಲು ತಾನೇ ಕೋಲು ಹಿಡಿದು ತಿಪ್ಪೆಯ ಪಕ್ಕ ಕೂತಳು.

ಒಂದು ವಾರಕ್ಕೆ ತತ್ತಿಯ ಬಣ್ಣ ತಿರುಗೀತೇ? ಮುಂದಿನ ಸಂತೆಗೆ ಅಮರಮ್ಮ ಹತ್ತೇ ತತ್ತಿ ಒಯ್ದು ಕುಲ್ಸುಮಳ ಮುಂದಿಟ್ಟಳು. ನುಚ್ಚಕ್ಕಿಯ ಕಥೆಯನ್ನೆಲ್ಲ ಹೇಳಿ, “ನನ್ನ ಕೋಳಿವು ಇನ್ನೂ ಸುಧಾರಿಸಿಲ್ಲರೀ. ಇವು ನಮ್ಮ ಮಂಜುಳಾನವು. ಬಾಣಂತಿಗೆ ಕೊಡ್ರಿ, ಇನ್ನ ಮುಂದ ಆಕಿ ಹತ್ರನ ತಗೋರಿ,” ಎಂದಳು.

ಕುಲ್ಸುಮ್ ಒಂದನ್ನು ಒಡೆದು ನೋಡಿದಳು. ಕೆಂಪಗಿತ್ತು.

“ನೀ ಇವು ನನ್ನವ ಅಂದಿದ್ರ ನನಗೇನು ಗೊತ್ತಾಗ್ತಿತ್ತು?” ಎಂದಳು.

ಅಮರಮ್ಮ ಕಣ್ಣು ಕಣ್ಣು ಬಿಟ್ಟಳು. ಹಾಗೂ ಹೇಳಬಹುದಿತ್ತು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಕುಲ್ಸುಮ್ ಎದ್ದು ನಿಂತು ಸುತ್ತಲಿನ ಅಂಗಡಿಯವರಿಗೆಲ್ಲ ಕೇಳುವ ಹಾಗೆ ಹೇಳಿದಳು: “ಹೋದ ವಾರ ನಾ ತಪ್ಪು ಮಾತಾಡೀನಿ. ಈಕಿ ಮೋಸ ಮಾಡೋ ಹೆಣ್ಣಮಗಳಲ್ಲ. ಈಕಿ ಕೋಳಿ ಸುಧಾರಿಸೋತನಕ ನಾ ಕಾಯ್ತೀನಿ.”