ಬರಿಗಾಲಿನ ಬೇಸ್ ಗಿಟಾರ್

ರಾಜಾಜಿನಗರದ ನಮ್ಮ ಬೀದಿಯಲ್ಲಿ ಆಗ ಗಡಿಯಾರ ನೋಡಿ ಬದುಕುವವರು ಕಡಿಮೆ. ಕಾರ್ಖಾನೆಯ ಸೈರನ್ ಕೂಗಿದರೆ ಸ್ಟವ್ ಹೊತ್ತುತ್ತಿತ್ತು, ಮತ್ತೊಮ್ಮೆ ಕೂಗಿದರೆ ಗಂಡಸರು ಊಟದ ಡಬ್ಬಿ ಹಿಡಿದು ಸೈಕಲ್ ಹತ್ತುತ್ತಿದ್ದರು. ಲೇತ್ ಮೆಷೀನಿನ ಮೇಲೆ ಕೆಲಸ ಮಾಡುತ್ತಿದ್ದ ನಮ್ಮಪ್ಪನಿಗೆ ಸೈರನ್ ಕೂಡ ಬೇಕಿರಲಿಲ್ಲ. ರಾತ್ರಿ ಎಂಟಕ್ಕೆ ಸರಿಯಾಗಿ, ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಹಲಸಿನ ಮಣೆಯನ್ನು ತಾವೇ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದರು. ಆಮೇಲೆ ಬಂದವರಿಗೆ ಅವರ ಮುಖ ನೋಡುವ ಧೈರ್ಯ ಇರುತ್ತಿರಲಿಲ್ಲ. ಆ ಶಿಸ್ತು ನನಗೂ ಅಂಟಿದೆ. ಅದರ ಬಗ್ಗೆ ದೂರಿಲ್ಲ.

ಅಂಥ ಮನೆಗೆ, ನಾನು ಆರನೇ ಕ್ಲಾಸಿನಲ್ಲಿದ್ದ ಮಳೆಗಾಲದಲ್ಲಿ, ಬೇಸ್ ಗಿಟಾರ್ ಬಂತು.

ನನ್ನ ಅಣ್ಣ ಶ್ರೀಕಂಠ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ. ಸಂಜೆ ಹೊತ್ತು ಚಂದ್ರಣ್ಣ ಎನ್ನುವವರ ಆರ್ಕೆಸ್ಟ್ರಾದಲ್ಲಿ ಕಲಿಯುತ್ತಿದ್ದ. ಅಲ್ಲಿ ಹಾಡಿನ ಅಡಿಗೆ ದಪ್ಪ ನಾದ ಕೊಡುವ ಬೇಸ್ ನುಡಿಸುತ್ತಿದ್ದವನು ತನ್ನ ಗಿಟಾರ್ ಸಮೇತ ಇನ್ನೊಂದು ತಂಡಕ್ಕೆ ಹೋಗಿಬಿಟ್ಟ. ಚಂದ್ರಣ್ಣ ನಮ್ಮ ಗೇಟಿನ ಹತ್ತಿರವೇ ನಿಂತು ಅಣ್ಣನಿಗೆ ಹೇಳಿದರು.

"ಗಣೇಶನ ಹಬ್ಬದೊಳಗೆ ಸ್ವಂತದ್ದು ತಗೊಂಡ್ರೆ ಜಾಗ ನಿಂದೇ ಮಗಾ. ಆದ್ರೆ ನೋಡಿ ತಗೊ. ನಾವು ಭಕ್ತಿಗೀತೆನೂ ಹೊಡೀಬೇಕು, ಭಾವಗೀತೆನೂ ಹೊಡೀಬೇಕು, ಡಿಸ್ಕೋನೂ ಹೊಡೀಬೇಕು. ಡಿಸೆಂಬರಲ್ಲಿ ಚರ್ಚ್ ಪ್ರೋಗ್ರಾಮ್ ಬೇರೆ. ಎಲ್ಲದಕ್ಕೂ ಒಂದೇ ಆಗ್ಬೇಕು, ನಿನ್ ಕೈಗೂ ಎಟುಕ್ಬೇಕು."

ಅಪ್ಪ ಕೇಳಿಸಿಕೊಂಡು, "ಕರೆಂಟಲ್ಲಿ ನುಡಿಸೋದೂ ಒಂದು ವಾದ್ಯನಾ?" ಎಂದರು. ಬೇಡ ಎನ್ನಲಿಲ್ಲ.

ಗಿಟಾರ್ ತರಲು ಹೊರಟಾಗ ಅಮ್ಮ, "ಪುಟ್ಟೀನೂ ಕರ್ಕೊಂಡು ಹೋಗು ಕಣೋ. ಅವಳು ಜೊತೇಲಿದ್ರೆ ಹೊತ್ತಿಗೆ ಸರಿಯಾಗಿ ಬರ್ತೀಯ" ಎಂದು ನನ್ನನ್ನು ಅಂಟಿಸಿದಳು. ಕುಂಟೆಬಿಲ್ಲೆ ಆಟ ಅರ್ಧಕ್ಕೆ ಬಿಟ್ಟು ಓಡಿದೆ.

ಸಿಟಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹಳೆಯ ವಾದ್ಯಗಳ ಅಂಗಡಿ. ಬಸ್ಸು ಇಳಿಯುವಾಗ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು, ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಒಳಗೆ ಹೋದೆ. ಒದ್ದೆ ಸಿಮೆಂಟು ನೆಲ. ಬೆಸುಗೆಯ ಹೊಗೆ, ಅಂಟು, ಯಾರದೋ ಬೀಡಿ, ಎಲ್ಲ ಸೇರಿದ ವಾಸನೆ.

ಅಂಗಡಿಯ ಸಾಹೇಬರು ಮೊದಲು ಫಾರಿನ್ನಿನದೊಂದು ಇಳಿಸಿದರು. ಅಣ್ಣ ಅದನ್ನು ಮುಟ್ಟದೆ ಬೆಲೆ ಕೇಳಿ, ಹಾಗೇ ಹಿಂದಕ್ಕೆ ಸರಿದ. ಎರಡನೆಯದು ಕೆಂಪು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಡಿಸ್ಕೋ ತಾಳ ನುಡಿಸಿದಾಗ ಅಂಗಡಿಯ ಗಾಜೆಲ್ಲ ನಡುಗಿತು. ಅಣ್ಣನ ಮುಖ ಅರಳಿತು. ಆದರೆ ಭಜನೆಯ ಧಾಟಿಗೆ ಬಂದಾಗ ಅದೇ ಗಿಟಾರ್ ಸೀಮೆಣ್ಣೆ ಡಬ್ಬ ಬಡಿದ ಹಾಗೆ ಕೇಳಿಸಿತು.

"ದೇವರ ಹಾಡಿಗೆ ಇದು ಆಗಲ್ಲ ಸಾಹೇಬ್ರೆ," ಎಂದ ಅಣ್ಣ.

"ಹಂಗಾದ್ರೆ ಈ ಮುದುಕನ್ನ ನೋಡು ಬೇಟಾ," ಎಂದು ಅವರು ಮೂಲೆಯಿಂದ ಕಂದು ಬಣ್ಣದ್ದೊಂದನ್ನು ಎಳೆದರು. ಅಂಚಿನಲ್ಲಿ ಬಣ್ಣ ಎದ್ದುಹೋಗಿತ್ತು. ತಿರುಪು ಎರಡೇ. ಒಂದನ್ನು ಇಳಿಸಿದರೆ ಮೃದಂಗದ ಎಡಗೈ ನಾದ, ಏರಿಸಿದರೆ ಗುರುಗುಟ್ಟುವ ನಾಯಿ. ಅಣ್ಣ ಭಜನೆ ನುಡಿಸಿದ, ಭಾವಗೀತೆ ನುಡಿಸಿದ, ಡಿಸ್ಕೋ ನುಡಿಸಿದ. ಮುದುಕ ಎಲ್ಲದಕ್ಕೂ ಒಗ್ಗಿಕೊಂಡ. ಬೆಲೆಯೂ ಎಟುಕುವಂತಿತ್ತು.

"ಮುಟ್ಟಿ ನೋಡೇ," ಎಂದು ಅಣ್ಣ ನನ್ನ ಮುಂದೆ ಹಿಡಿದ. ದಪ್ಪ ತಂತಿಯ ಮೇಲೆ ಬೆರಳಿಟ್ಟೆ. ಮೊಣಕೈವರೆಗೆ ಜುಮ್ಮೆಂದಿತು. ಕಿರುಚಿ ಕೈ ಕಿತ್ತುಕೊಂಡೆ.

"ನಂಗೇನೂ ಆಗ್ಲಿಲ್ವಲ್ಲೇ," ಅಣ್ಣ ನಕ್ಕ. ಅವನ ಕಾಲಲ್ಲಿ ಷೂ ಇತ್ತು.

"ಮಗು ಬರಿಗಾಲಲ್ಲಿದೆ, ನೆಲ ಥಂಡಿ," ಎಂದರು ಸಾಹೇಬರು. "ಗಿಟಾರ್ ತಪ್ಪಲ್ಲ ಅದು, ಅದರ ವೈರು ಚುಚ್ಚಿರೋ ಆಂಪ್ಲಿಫೈಯರ್ ಪೆಟ್ಟಿಗೆ ಸ್ವಲ್ಪ ಲೀಕು, ಇಂಥವೆಲ್ಲ ಹಂಗೇ. ಚಪ್ಪಲಿ ಇದ್ರೆ ಏನೂ ಆಗಲ್ಲಮ್ಮ."

ಆ ಮಾತಿನಿಂದ ಅಣ್ಣನಿಗೆ ಸಮಾಧಾನವಾಯಿತು. ನನಗೆ ಅಲ್ಲಿಂದಲೇ ಭಯ ಶುರುವಾಯಿತು. ಮನೆಯಲ್ಲೂ ಅದಕ್ಕೆ ಮುದುಕ ಎಂದೇ ಹೆಸರಾಯಿತು. ಮಂಚದ ಕೆಳಗೆ ಗಿಟಾರ್ ಮಲಗಿದ್ದರೆ, ಅದು ಬರೀ ಮರ, ಕರೆಂಟಿಲ್ಲ ಎಂದು ಗೊತ್ತಿದ್ದೂ ನಾನು ಕಾಲು ಮಡಚಿಕೊಂಡು ಮಲಗುತ್ತಿದ್ದೆ.

ಹಬ್ಬಕ್ಕೆ ಮುಂಚಿನ ಪ್ರಾಕ್ಟೀಸು ಚಂದ್ರಣ್ಣನ ಮನೆಯ ಹಿಂದಿನ ಷೆಡ್ಡಿನಲ್ಲಿ. ನಾನು ಬಾಗಿಲ ಹತ್ತಿರ ಕಡಲೆಕಾಯಿ ಸುಲಿಯುತ್ತ ಕೂತಿದ್ದೆ. ಯಾರೋ ಆಗಷ್ಟೇ ನೆಲ ತೊಳೆದಿದ್ದರು. ಒದ್ದೆ ಚಪ್ಪಲಿ ಪಚಪಚ ಸದ್ದು ಮಾಡುತ್ತದೆ ಎಂದು ಅಣ್ಣ ಅದನ್ನು ಬದಿಗೆ ಒದ್ದು, ನುಡಿಸುತ್ತಲೇ ನೆಲಕ್ಕೆ ಕಾಲಿಟ್ಟ. ನಾದ ನಿಂತುಹೋಯಿತು. ಎಡಗೈ ಗಿಟಾರಿನ ಕತ್ತನ್ನು ಬಿಗಿದು ಹಿಡಿದಿತ್ತು, ಬಿಡುತ್ತಿರಲಿಲ್ಲ. ಬಾಯಿ ತೆರೆದಿತ್ತು, ಸದ್ದಿಲ್ಲ. ಚಂದ್ರಣ್ಣ ಹಾರಿ ಹೋಗಿ ಪ್ಲಗ್ಗು ಕಿತ್ತರು. ಅಣ್ಣ ಧೊಪ್ಪನೆ ಕೂತ.

"ಏನಿಲ್ಲ ಕಣೇ ಪುಟ್ಟಿ. ಸ್ವಲ್ಪ ಹಿಡೀತು ಅಷ್ಟೆ," ಎಂದು ನಕ್ಕ. ಎಡಗೈಯನ್ನು ಮಾತ್ರ ಬೆನ್ನ ಹಿಂದೆ ಇಟ್ಟುಕೊಂಡ.

ಆ ರಾತ್ರಿ ನನ್ನ ತಟ್ಟೆಯ ಅನ್ನ ಹಾಗೇ ಇತ್ತು. "ಯಾಕೆ ಉಣ್ತಿಲ್ಲ?" ಎಂದು ಅಪ್ಪ ಕೇಳಿದರು. ಅವರು ಕೇಳಿದ ಮೇಲೆ ಮುಚ್ಚಿಡುವ ಅಭ್ಯಾಸ ನಮ್ಮಲ್ಲಿರಲಿಲ್ಲ. ಎಲ್ಲ ಹೇಳಿದೆ. ಅಣ್ಣ ತಲೆ ತಗ್ಗಿಸಿದ. ಈಗ ಗಿಟಾರ್ ಬೀದಿಗೆ ಬೀಳುತ್ತದೆ ಎಂದುಕೊಂಡೆ. ಬೀಳಲಿ ಎಂದೂ ಅಂದುಕೊಂಡೆ. ಅಪ್ಪ ಮಜ್ಜಿಗೆ ಅನ್ನ ಮುಗಿಸಿ, ಮಣೆ ಎತ್ತಿ ಗೋಡೆಗೆ ಒರಗಿಸಿ, ಎದ್ದುಹೋದರು. ಬೈದಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅಮ್ಮ ಹೊಸ ಹವಾಯಿ ಚಪ್ಪಲಿ ತರಿಸಿ ಅಣ್ಣನ ಕೈಗಿಟ್ಟಳು. "ಸ್ಟೇಜ್ ಮೇಲೆ ಇದನ್ನ ಬಿಚ್ಚಬೇಡ. ನನ್ನಾಣೆ."

ಮೊದಲ ಕಾರ್ಯಕ್ರಮ ಸುಂಕದಕಟ್ಟೆಯಲ್ಲಿ. ಆಗ ಅದು ಮಾಗಡಿ ರಸ್ತೆಯ ಪಕ್ಕದ ಹಳ್ಳಿ, ರಾಗಿ ಹೊಲದ ಮಗ್ಗುಲಲ್ಲೇ ಪೆಂಡಾಲು. ಮಧ್ಯಾಹ್ನ ಜೋರು ಮಳೆ ಬಂದು ನಿಂತಿತ್ತು. ಕೆಸರಿಗೆ ಗೋಣಿಚೀಲ ಹಾಸಿದ್ದರು, ಅವೂ ನೆಂದಿದ್ದವು. ಸ್ಟೇಜೆಂದರೆ ಗಣಪತಿಯ ಮುಂದೆ ಮಣ್ಣು ಏರಿಸಿ ಜಮಖಾನ ಹಾಸಿದ ಜಾಗ. ಕಂಬದಿಂದ ಎಳೆದ ಎರಡು ತಂತಿಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಕಡಲೆ ಉಸಲಿಯ ಒಗ್ಗರಣೆ ಘಮಘಮ ಎನ್ನುತ್ತಿತ್ತು. ಎಲೆಯಲ್ಲಿ ಕೊಟ್ಟದ್ದನ್ನು ಬಾಯಿಗಿಡಲಾಗದೆ ಹಿಡಿದುಕೊಂಡೇ ಇದ್ದೆ.

ಅಣ್ಣ ಗಿಟಾರ್ ಹೆಗಲಿಗೇರಿಸಿ ಹತ್ತಿದ. ಊರಿನ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು.

"ಚಪ್ಪಲಿ ಕೆಳಗೆ ಬಿಡಪ್ಪ."

"ಕರೆಂಟ್ ಹೊಡಿಯತ್ತೆ ಯಜಮಾನ್ರೆ. ಅದಕ್ಕೇ…"

"ಸ್ವಾಮಿ ಎದುರಿಗೆ ಚಪ್ಪಲೀಲಿ ನಿಂತ್ಕೊಂಡು ಕುಣೀತೀಯ? ನಮ್ಮೂರಲ್ಲಿ ಅದೆಲ್ಲ ನಡಿಯಲ್ಲ."

ಜನ ಗೊಣಗತೊಡಗಿದರು. ಹಿಂದಿನಿಂದ ಒಬ್ಬ, "ಶುರು ಮಾಡ್ರೋ, ಗಣಪತೀನ ನೀರಿಗೆ ಬಿಟ್ಮೇಲೆ ಬಾರಿಸ್ತೀರಾ?" ಎಂದು ಕೂಗಿದ. ಎಲ್ಲ ನಕ್ಕರು. ಚಂದ್ರಣ್ಣ ಅಣ್ಣನ ಕಿವಿಯಲ್ಲಿ, "ಅಡ್ಜಸ್ಟ್ ಮಾಡ್ಕೊ ಗುರು. ಜಮಖಾನ ಇದೆಯಲ್ಲ" ಎಂದರು. ಜಮಖಾನ ನೆಂದಿತ್ತು. ನನಗೆ ಗೊತ್ತಿತ್ತು, ಅದರ ಮೇಲೆ ನಾನೂ ಕಾಲಿಟ್ಟಿದ್ದೆ.

ಅಣ್ಣ ಒಂದು ಚಪ್ಪಲಿ ಬಿಟ್ಟ. ಕೂಗಬೇಕೆಂದುಕೊಂಡೆ. ಕೈಯಲ್ಲಿದ್ದ ಎಲೆ ಕೆಳಗೆ ಹಾಕಿ ಮುಂದಕ್ಕೆ ನುಗ್ಗಿದೆ.

"ಸ್ವಲ್ಪ ದಾರಿ ಬಿಡಿ" ಎಂಬ ದನಿ ಹಿಂದಿನಿಂದ ಬಂತು. ಆ ದನಿ ಅಲ್ಲಿರಲು ಸಾಧ್ಯವಿರಲಿಲ್ಲ. ಊಟದ ಹೊತ್ತು ಹತ್ತಿರವಾಗಿತ್ತು. ಅಪ್ಪ ಕಾರ್ಖಾನೆಯ ಖಾಕಿ ಬಟ್ಟೆಯಲ್ಲೇ ಇದ್ದರು, ಪ್ಯಾಂಟು ಮೊಣಕಾಲವರೆಗೆ ಕೆಸರು. ಕಂಕುಳಲ್ಲಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಹಲಸಿನ ಮಣೆ.

ತಮ್ಮ ಚಪ್ಪಲಿ ಬಿಟ್ಟು, ದೇವರಿಗೆ ಕೈ ಮುಗಿದು, ಹಾಳೆ ಬಿಚ್ಚಿ, ಒಣಗಿದ ಮಣೆಯನ್ನು ಜಮಖಾನದ ಮೇಲಿಟ್ಟರು. ಹಿರಿಯರ ಕಡೆ ತಿರುಗಿ, "ಮಣೆ ಹಾಕಬಹುದಲ್ವಾ ಯಜಮಾನ್ರೆ? ಪೂಜೆಗೂ ಹಾಕ್ತೀವಿ," ಎಂದರು.

ಹಿರಿಯರು ಮಣೆಯನ್ನೂ ಅಪ್ಪನನ್ನೂ ನೋಡಿ, "ಮಣೆಗೇನು, ಹಾಕ್ಕೊಳ್ಳಿ" ಎಂದರು.

ಅಣ್ಣ ಬರಿಗಾಲಲ್ಲಿ ಅದರ ಮೇಲೆ ನಿಂತ. "ಕೆಳಗಿಳೀಬೇಡ," ಎಂದಷ್ಟೇ ಅಪ್ಪ ಹೇಳಿ ಬಂದು ನನ್ನ ಪಕ್ಕ ನಿಂತರು.

ಅಂದು ಯಾವ ಹಾಡು ಹಾಡಿದರೋ ನನಗೆ ನೆನಪಿಲ್ಲ. ಹಾಡಿನ ಅಡಿಯಲ್ಲಿದ್ದ ದುಂ ದುಂ ಮಾತ್ರ ಕೇಳುತ್ತಿದ್ದೆ. ಅದು ಕೇಳುವವರೆಗೆ ಅಣ್ಣ ಇದ್ದಾನೆ. ಎರಡು ಹಾಡುಗಳ ನಡುವೆ ಅದು ನಿಂತಾಗ ಅಪ್ಪನ ಕೈ ನನ್ನ ಹೆಗಲನ್ನು ಒತ್ತುತ್ತಿತ್ತು. ಮತ್ತೆ ಶುರುವಾದಾಗ ಸಡಿಲವಾಗುತ್ತಿತ್ತು. ಅವರೂ ಅದನ್ನೇ ಕೇಳುತ್ತಿದ್ದರು.

ವಾಪಸ್ ಬಸ್ಸಿನಲ್ಲಿ ಅಪ್ಪ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅರ್ಧ ದಾರಿ ಕಳೆದ ಮೇಲೆ, "ಮುದುಕ ಪರವಾಗಿಲ್ಲ. ಎಲ್ಲ ಹಾಡಿಗೂ ಆಯ್ತು," ಎಂದರು. ಅಣ್ಣ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ಕೆಲವು ವರ್ಷಗಳಲ್ಲಿ ಕೀಬೋರ್ಡ್ ಬಂತು, ಅದನ್ನು ನುಡಿಸುವವನೇ ಅದರಲ್ಲೇ ಬೇಸನ್ನೂ ನುಡಿಸತೊಡಗಿದ. ಅಣ್ಣನಿಗೆ ಕೆಲಸ ಸಿಕ್ಕಿ ಗಿಟಾರ್ ಯಾರಿಗೋ ಹೋಯಿತು. ಅಪ್ಪ ಹೋದರು. ಡೈನಿಂಗ್ ಟೇಬಲ್ ಬಂದ ಮೇಲೆ ಮಣೆ ಯಾವಾಗ ಯಾರ ಪಾಲಾಯಿತೋ, ಅಚ್ಚುಕಟ್ಟಿನ ನನಗೂ ತಿಳಿಯಲಿಲ್ಲ.

ಮೊನ್ನೆ ಬಸವೇಶ್ವರನಗರದ ಮದುವೆಮನೆಯಲ್ಲಿ ಆರ್ಕೆಸ್ಟ್ರಾ ಇತ್ತು. ಎಲ್ಲರೂ ಗಾಯಕಿಯನ್ನು ನೋಡುತ್ತಿದ್ದರು. ನಾನೂ ಅಣ್ಣನೂ ವಾದಕರ ಕಾಲು ನೋಡುತ್ತಿದ್ದೆವು. ಎಲ್ಲರಿಗೂ ಷೂ ಇತ್ತು, ವೇದಿಕೆ ಒಣಗಿತ್ತು, ದಪ್ಪ ಕಪ್ಪು ವೈರುಗಳನ್ನು ಟೇಪು ಹಾಕಿ ಅಂಟಿಸಿದ್ದರು. ಭಯಪಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮಣೆ ಹೊತ್ತು ಬರುವವರೂ ಯಾರಿಗೂ ಬೇಕಿರಲಿಲ್ಲ.